ನಲವತ್ತು ಕ್ಯಾಂಡಲ್

ಹಾಸನ, ಪೆನ್ಷನ್ ಮೊಹಲ್ಲಾದ ಹಿಂಬದಿ,
ಬಿಲ್ ಕಲೆಕ್ಟರ್ ಗುರುವಪ್ಪನವರ ವಠಾರ.
ಒಂಬತ್ತು ಬಾಗಿಲು, ಒಂದು ನಲ್ಲಿ, ಎರಡು ಕಕ್ಕಸು.
ಒಂದಕ್ಕೆ ಚಿಲಕವಿಲ್ಲ; ಒಳಗೆ ಹೋದವರು ಹಾಡುತ್ತಿರಬೇಕು.

ನಮ್ಮದು ಐದನೆಯ ಮನೆ. ಆರನೆಯದು ಆರೋಗ್ಯಮ್ಮನದು.
ನಡುವಿನ ಗೋಡೆ ಆಳೆತ್ತರಕ್ಕೇ ನಿಂತುಬಿಟ್ಟಿತ್ತು,
ಇಟ್ಟಿಗೆ ಮುಗಿಯಿತೋ ಗುರುವಪ್ಪನವರ ಮನಸ್ಸು ಮುಗಿಯಿತೋ.
ಆ ಗೋಡೆಯ ನೆತ್ತಿಗೆ ಒಂದು ಬಲ್ಬು,
ಎರಡು ಮನೆಗೂ ಅದೊಂದೇ, ನಲವತ್ತು ಕ್ಯಾಂಡಲ್,
ಬಾಡಿಗೆಯ ಜೊತೆ ತಲಾ ಎರಡೂವರೆ ರೂಪಾಯಿ.
ಸ್ವಿಚ್ಚು ಮಾತ್ರ ನಮ್ಮ ಕಡೆ.

ಅಜ್ಜಿ ದ್ಯಾವೀರಮ್ಮನ ಊರು
ಹೇಮಾವತಿ ಡ್ಯಾಮಿನ ನೀರೊಳಗಿದೆ.
ಬಾಗಿಲು ಹೊತ್ತು ತರಲಾಗದೆ ಚಿಲಕವನ್ನಷ್ಟೆ ಕಿತ್ತು ತಂದವಳು
ಐದನೆಯ ಮನೆಯ ಗೋಡೆಗೆ ಅದನ್ನು ಹೊಡೆಸಿದ್ದಳು.
ಹಗಲು ಅದು ಅಪ್ಪನ ಟವೆಲ್ಲಿಗೆ ಗೂಟ.
ರಾತ್ರಿ ಮಲಗುವ ಮುಂಚೆ ಅಜ್ಜಿ ಎದ್ದು ಹೋಗಿ
ಬಾಗಿಲೇ ಇಲ್ಲದ ಗೋಡೆಗೆ ಚಿಲಕ ಹಾಕಿ ಬರುವಳು.
ನಾನೂ ತಂಗಿಯೂ ಕಂಬಳಿಯೊಳಗೆ ಬಾಯಿ ಮುಚ್ಚಿ ನಗುತ್ತಿದ್ದೆವು.

ಎಂಟಕ್ಕೆ ಕಾಫಿ ಕ್ಯೂರಿಂಗಿನ ಸೈರನ್ನು.
ಅವ್ವ, ಆರೋಗ್ಯಮ್ಮ ಒಂದೇ ಸಾಲಲ್ಲಿ ಕೂತು ಬೀಜ ಆರಿಸುವವರು:
ಒಡೆದದ್ದು, ಕಪ್ಪಾದದ್ದು, ಹುಳ ಕೊರೆದದ್ದು ಒಂದು ಕಡೆ.
ಮನೆಗೆ ಬಂದರೂ ಅವ್ವನ ಬೆರಳು ನಿಲ್ಲುತ್ತಿರಲಿಲ್ಲ,
ಅಕ್ಕಿಯಲ್ಲಿ ಕಲ್ಲು, ನನ್ನ ತಲೆಯಲ್ಲಿ ಹೇನು,
ಅಪ್ಪನ ಮಾತಲ್ಲಿ ಸುಳ್ಳು, ಎಲ್ಲ ಅದೇ ವೇಗದಲ್ಲಿ.
ಗೇಟಿನಲ್ಲಿ ತುರುಬು ಬಿಚ್ಚಿ ತೋರಿಸಿಯೇ ಹೊರಗೆ ಬಿಡುವುದು.
ಆದರೂ ಸೀರೆಯ ನೆರಿಗೆಯಿಂದ ಒಮ್ಮೊಮ್ಮೆ
ಒಂದು ಬೀಜ ಟಪ್ಪೆಂದು ಬೀಳುವುದು.
‘ಕದ್ದದ್ದಲ್ಲ, ಸಿಗಾಕ್ಕೊಂಡು ಬಂದದ್ದು’
ಯಾರೂ ಕೇಳದಿದ್ದರೂ ಅವ್ವ ಹೇಳುವಳು.
ನಮ್ಮ ಚೌಕಾಬಾರಕ್ಕೆ ಅವೇ ಕಾಯಿ.
ಕುಡಿಯುತ್ತಿದ್ದುದು ಬೆಲ್ಲದ ನೀರು, ಮುಕ್ಕಾಲು ಚಿಕೋರಿ.

ರಾತ್ರಿ ಹತ್ತಕ್ಕೆ ಗೋಡೆ ತಟ್ಟಿ, ‘ಆರುಸ್ಲೇನೇ?’
ಆ ಕಡೆಯಿಂದ, ‘ಆರ್ಸಕ್ಕಾ.’
ಹಗಲೆಲ್ಲ ಬೀಜ, ಹತ್ತಕ್ಕೆ ದೀಪ.
ಎರಡಕ್ಕೂ ಅವ್ವನ ಹತ್ತಿರ ಒಂದೇ ಮಾತಿತ್ತು.

ಆಮೇಲೆ ಜಗಳ. ಒಂದು ಬುಟ್ಟಿ ಬೀಜ
ಯಾರ ಹೆಸರಿಗೆ ತೂಗಿತು ಅನ್ನುವುದರ ಮೇಲೆ.
ಹದಿನಾಲ್ಕು ತಿಂಗಳು ಮಾತಿಲ್ಲ.
ಆದರೆ ಹೇಳದೆ ಕತ್ತಲು ಮಾಡುವುದುಂಟೆ?
ಹತ್ತಕ್ಕೆ ಅವ್ವ ಒಂದು ಸಲ ಕೆಮ್ಮುವಳು.
ಆ ಕಡೆ ಬಳೆ ಸದ್ದಾಗುವುದು. ಟಿಕ್.

ಮಾರ್ಚಿನಲ್ಲಿ ಆರೋಗ್ಯಮ್ಮನ ಫಿಲೋಮಿನಾಗೆ ಎಸ್ಸೆಸ್ಸೆಲ್ಸಿ.
ಅವ್ವ ಕೆಮ್ಮಿದಳು. ಬಳೆಯಿಲ್ಲ,
ಹಾಳೆ ಮಗುಚುವ ಸದ್ದು ಮಾತ್ರ.
ಸ್ವಿಚ್ಚಿನ ಮೇಲಿಟ್ಟ ಕೈ ಹಾಗೇ ಇತ್ತು ಸ್ವಲ್ಪ ಹೊತ್ತು,
ಆಮೇಲೆ ಬಂದು ನನ್ನ ಪಕ್ಕ ಮಲಗಿತು.
‘ಬೆಳಗ್ಗೆ ಐದಕ್ಕೆ ಲಾರಿ ಲೋಡಿಂಗ್ ಐತೆ’ ಎಂದ ಅಪ್ಪ
ಯಾರಿಗೆಂದಿಲ್ಲದೆ. ಚಿಲಕದಿಂದ ಟವೆಲ್ಲು ತೆಗೆದು
ಕಣ್ಣಿಗೆ ಕಟ್ಟಿಕೊಂಡ.
ಹೀಗೆ ಹನ್ನೆರಡು ರಾತ್ರಿ.

ಗುರುವಪ್ಪನವರು ಕರೆಂಟಿನ ಲೆಕ್ಕ ಕೇಳಲು ಬಂದಾಗ
‘ನನ್ನ ಮಗ ಓದ್ಕೊಳ್ತಾನೆ’ ಎಂದಳು ಅವ್ವ,
ಹೆಚ್ಚಿನ ಮೂರು ರೂಪಾಯಿ ಎಣಿಸಿ ಕೊಟ್ಟಳು.
ನಾನಾಗ ಎರಡನೆಯ ಕ್ಲಾಸು. ಎಂಟಕ್ಕೇ ನಿದ್ದೆ.

ಫಿಲೋಮಿನಾ ಲೆಕ್ಕದಲ್ಲಿ ಫೇಲಾದಳು.
ಗೋಡೆಯಾಚೆ ತಾಯಿ ಮಗಳು ಅಳುವುದು
ಸಂಜೆಯಿಂದ ಕೇಳಿಸುತ್ತಿತ್ತು.
ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ ಕೂಗಿದಳು:
‘ಸೆಪ್ಟೆಂಬರ್‌ಗೆ ಕಟ್ಸೇ. ಹೆಂಗೂ ಲೈಟ್ ಐತಲ್ಲ.’

ಚಿಲಕ ಎಲ್ಲಿ ಹೋಯಿತೋ, ವಠಾರ ಕೆಡವಿದಾಗ
ಅದನ್ನು ಕೀಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈಗಿನ ಮನೆಯಲ್ಲಿ ಗೋಡೆಗಳು ಸೂರು ಮುಟ್ಟಿವೆ,
ಕೋಣೆಗೊಂದು ದೀಪ, ದೀಪಕ್ಕೊಂದು ಸ್ವಿಚ್ಚು.
ಹತ್ತಾದರೆ ಅವ್ವ ಒಮ್ಮೆ ಕೆಮ್ಮುತ್ತಾಳೆ,
ಸ್ವಲ್ಪ ಕಾಯುತ್ತಾಳೆ.
ನನ್ನ ಮಗಳು ಓಡಿಹೋಗಿ ಸಿರಪ್ಪಿನ ಬಾಟಲಿ ತರುತ್ತಾಳೆ.
ಅವ್ವ ಬೇಡವೆನ್ನುವುದಿಲ್ಲ.
ಒಂದು ಚಮಚ ಕುಡಿದು, ‘ಸೀ ಐತೆ ಕಣೆ’ ಎಂದು
ದೀಪ ಆರಿಸುತ್ತಾಳೆ.